‘ಬಿಸಿ’ಗೆ ‘ಅಬಿಸಿ’ ಯಾಕಿಲ್ಲ? ‘ಇಲ್ಲ’ ಎನ್ನುವ ‘ಅ’ ಎಲ್ಲಿಂದ ಬಂತು

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಪರೀಕ್ಷೆಯಲ್ಲಿ ವಿರುದ್ಧ ಪದ ಬರೆಯುವಾಗ ನ್ಯಾಯ–ಅನ್ಯಾಯ, ಉಚಿತ–ಅನುಚಿತ ಎಲ್ಲ ಸರಿಯಾಗಿ ಬರೆದಳು. ಆಮೇಲೆ ‘ಬಿಸಿ’ಗೆ ‘ಅಬಿಸಿ’ ಅಂತ ಬರೆದು ತಪ್ಪು ಹಾಕಿಸಿಕೊಂಡು ಬಂದಳು. ಯಾಕೆ ತಪ್ಪು ಅಂತ ಅವಳು ಕೇಳಿದರೆ ನನಗೆ ಹೇಳಲು ಆಗಲಿಲ್ಲ. ಇಂಗ್ಲಿಷಿನ ಅನ್‌ಫಿಟ್, ಅನ್‌ಹ್ಯಾಪಿಗಳಲ್ಲಿರುವ ‘ಅನ್’ ನಮ್ಮ ‘ಅನ್’ನಿಂದಲೇ ಹೋಗಿದ್ದಾ? ‘ಅಲ್ಲ’ ಎಂಬುದರಲ್ಲಿರುವ ‘ಅ’ ಕೂಡ ಅದೇನಾ? ಇನ್ನೊಂದು ಅನುಮಾನ: ‘ಅಮೂಲ್ಯ’ ಅಂದರೆ ಬೆಲೆ ಇಲ್ಲದ್ದು ಅಂತ ಆಗಬೇಕಲ್ವಾ?

ಉತ್ತರ: ನಿಮ್ಮ ಮಗಳು ಮಾಡಿದ್ದು ಒಳ್ಳೆಯ ತಪ್ಪು. ಅವಳು ಪದಗಳನ್ನು ಬಾಯಿಪಾಠ ಮಾಡಿಲ್ಲ. ಒಂದು ನಿಯಮ ಕಂಡುಹಿಡಿದು ಅದನ್ನು ಹೊಸ ಪದಕ್ಕೆ ಹಚ್ಚಿ ನೋಡಿದ್ದಾಳೆ. ನಿಯಮವೂ ಸರಿಯಾಗಿದೆ. ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದಷ್ಟೇ ಅವಳಿಗೆ ಗೊತ್ತಿರಲಿಲ್ಲ.

ಮೊದಲು ಚಿಕ್ಕ ಉತ್ತರ ಕೊಡುತ್ತೇನೆ. ಇಂಗ್ಲಿಷಿನ ‘ಅನ್’ ಸಂಸ್ಕೃತದಿಂದ ಹೋದದ್ದಲ್ಲ. ಸಂಸ್ಕೃತದ ‘ಅನ್’ ಇಂಗ್ಲಿಷಿನಿಂದ ಬಂದದ್ದೂ ಅಲ್ಲ. ಎರಡೂ ಒಂದೇ ತಾಯಿಯ ಮಕ್ಕಳು. ‘ಅಲ್ಲ’ದ ‘ಅ’ ಮಾತ್ರ ಈ ಕುಟುಂಬಕ್ಕೆ ಸೇರಿದ್ದಲ್ಲ, ಅದು ನಮ್ಮ ಮನೆಯದೇ. ‘ಅಬಿಸಿ’ ತಪ್ಪಾಗಿದ್ದಕ್ಕೆ ಕಾರಣವೂ ಅಲ್ಲೇ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಆ ತಾಯಿಯ ವಿಷಯ. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪಾರಸಿ, ಇಂಗ್ಲಿಷ್ ಇವೆಲ್ಲ ಬರವಣಿಗೆ ಹುಟ್ಟುವ ಮೊದಲೇ ಆಡುತ್ತಿದ್ದ ಒಂದು ಹಳೆಯ ಭಾಷೆಯಿಂದ ಕವಲೊಡೆದವು. ಅದನ್ನು ಮೂಲ ಇಂಡೋ-ಯುರೋಪಿಯನ್ ಎನ್ನುತ್ತಾರೆ. ‘ಅಜ್ಞಾತ’ ಎಂಬ ಪದ ತೆಗೆದುಕೊಳ್ಳಿ, ತಿಳಿಯದ್ದು ಎಂದರ್ಥ. ಗ್ರೀಕಿನಲ್ಲಿ ಇದೇ ಅರ್ಥಕ್ಕೆ ‘ಅಗ್ನೋತೊಸ್’. ಲ್ಯಾಟಿನ್ನಿನಲ್ಲಿ ‘ಇಗ್ನೋತುಸ್’. ಹಳೆಯ ಇಂಗ್ಲಿಷಿನಲ್ಲಿ ‘ಉನ್‌ಕೂಥ್’. ಈ ಕೊನೆಯದೇ ಇವತ್ತಿನ ‘ಅನ್‌ಕೂಥ್’, ಅಂದರೆ ಒರಟ, ನಯವಿಲ್ಲದವನು. ಮೊದಲು ಅದರ ಅರ್ಥ ಸುಮ್ನೆ ‘ಗೊತ್ತಿಲ್ಲದ’ ಎಂದಷ್ಟೇ ಇತ್ತು. ಗೊತ್ತಿಲ್ಲದವನು, ಪರಕೀಯ, ವಿಚಿತ್ರ ನಡತೆಯವನು, ಒರಟ: ಹೀಗೆ ಅರ್ಥ ಜಾರುತ್ತಾ ಬಂತು. ನಾಲ್ಕು ಪದಗಳನ್ನೂ ಬಿಡಿಸಿದರೆ ಮುಂದೆ ‘ಇಲ್ಲ’ ಎನ್ನುವ ಒಂದು ತುಣುಕು, ಹಿಂದೆ ‘ತಿಳಿ’ ಎನ್ನುವ ಒಂದು ಧಾತು. ತುಣುಕೂ ಒಂದೇ, ಧಾತುವೂ ಒಂದೇ.

ಹಾಗಾದರೆ ಒಂದೇ ತುಣುಕು ಸಂಸ್ಕೃತದಲ್ಲಿ ‘ಅ’, ಲ್ಯಾಟಿನ್ನಿನಲ್ಲಿ ‘ಇನ್’, ಇಂಗ್ಲಿಷಿನಲ್ಲಿ ‘ಅನ್’ ಆಗಿದ್ದು ಹೇಗೆ? ಇಂಗ್ಲಿಷರು ‘ಬಟನ್’ ಎನ್ನುವುದನ್ನು ಒಮ್ಮೆ ಗಮನವಿಟ್ಟು ಕೇಳಿ. ಕೊನೆಯಲ್ಲಿ ‘ಟನ್’ ಎಂದು ಸ್ವರ ಕೇಳಿಸುವುದಿಲ್ಲ. ‘ನ್’ ಒಂದೇ ಸ್ವರದ ಹಾಗೆ ನಿಂತುಬಿಡುತ್ತದೆ. ಮೂಲ ಭಾಷೆಯಲ್ಲಿ ‘ಇಲ್ಲ’ ಎನ್ನಲು ಇದ್ದದ್ದು ಇಂಥದೇ ಒಂದು ನ್‌ಕಾರ. ಸಂಸ್ಕೃತದಲ್ಲಿ ‘ಋ’ ಸ್ವರದ ಕೆಲಸ ಮಾಡುತ್ತದಲ್ಲ, ಅದೇ ರೀತಿ. ಇಂಥ ಸದ್ದನ್ನು ಹೇಳುವುದು ಕಷ್ಟ. ಹಾಗಾಗಿ ಒಂದೊಂದು ಭಾಷೆ ಒಂದೊಂದು ದಾರಿ ಹಿಡಿಯಿತು. ಸಂಸ್ಕೃತ ಮತ್ತು ಗ್ರೀಕು ಮೂಗಿನ ಸದ್ದನ್ನು ಬಿಟ್ಟು ‘ಅ’ ಇಟ್ಟುಕೊಂಡವು. ಮುಂದೆ ಸ್ವರ ಬಂದಾಗ ಮಾತ್ರ ಎರಡರಲ್ಲೂ ಆ ‘ನ್’ ಉಳಿಯಿತು. ಲ್ಯಾಟಿನ್ನು ಮುಂದೊಂದು ‘ಎ’ ಸೇರಿಸಿಕೊಂಡಿತು, ಅದು ಮುಂದೆ ‘ಇನ್’ ಆಯಿತು. ಇಂಗ್ಲಿಷ್, ಜರ್ಮನ್ ಭಾಷೆಗಳ ಹಿರಿಯರು ‘ಉ’ ಸೇರಿಸಿಕೊಂಡರು. ‘ಉನ್’ ಆಯಿತು. ಇಂಗ್ಲಿಷರು ಇವತ್ತಿಗೂ ಬರೆಯುವಾಗ ‘ಯು’ ಅಕ್ಷರವನ್ನೇ ಬರೆಯುತ್ತಾರೆ.

ಇದು ಊಹೆಯಲ್ಲ ಎನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಒಂದಿದೆ: ನೂರು. ಸಂಸ್ಕೃತದಲ್ಲಿ ‘ಶತ’. ಗ್ರೀಕಿನಲ್ಲಿ ‘ಹೆಕತೊನ್’. ಲ್ಯಾಟಿನ್ನಿನಲ್ಲಿ ‘ಕೆಂತುಮ್’. ಇಂಗ್ಲಿಷಿನಲ್ಲಿ ‘ಹಂಡ್ರೆಡ್’, ಅದರ ಹಳೆಯ ರೂಪ ‘ಹುಂಡ್’. ಮಧ್ಯದ ಸದ್ದು ನೋಡಿ. ಸಂಸ್ಕೃತದಲ್ಲಿ ಅ, ಗ್ರೀಕಿನಲ್ಲಿ ಅ, ಲ್ಯಾಟಿನ್ನಿನಲ್ಲಿ ಎನ್, ಇಂಗ್ಲಿಷಿನಲ್ಲಿ ಉನ್. ಅದೇ ಮೂರು ದಾರಿ! ನೂರಿನಲ್ಲಿ ಮೂಲತಃ ಇದ್ದದ್ದು ‘ಮ್’, ನಮ್ಮ ತುಣುಕಿನಲ್ಲಿ ‘ನ್’. ನಡತೆ ಮಾತ್ರ ಒಂದೇ. ‘ನೂರು’ ಎಂಬ ಪದಕ್ಕೂ ‘ಇಲ್ಲ’ ಎಂಬ ತುಣುಕಿಗೂ ಅರ್ಥದಲ್ಲಿ ಏನೇನೂ ಸಂಬಂಧವಿಲ್ಲ. ಆದರೂ ಎರಡೂ ನಾಲ್ಕು ಭಾಷೆಗಳಲ್ಲಿ ಒಂದೇ ಹೆಜ್ಜೆ ಹಾಕಿವೆ. ಕಾಕತಾಳೀಯ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಇದನ್ನು ಕಂಡುಹಿಡಿದವನು ಕಾರ್ಲ್ ಬ್ರುಗ್‌ಮನ್ ಎಂಬ ಜರ್ಮನ್ ವಿದ್ವಾಂಸ. 1876ರಲ್ಲಿ, ತನ್ನ 27ನೇ ವಯಸ್ಸಿನಲ್ಲಿ. ಸ್ವರದಂತೆ ನಿಲ್ಲುವ ಈ ‘ನ್’ ಬಗ್ಗೆ ಅವನು ಬರೆದ ಲೇಖನ ಗುರು ಕುರ್ಟಿಯುಸ್ ಜೊತೆ ಸೇರಿ ನಡೆಸುತ್ತಿದ್ದ ಪತ್ರಿಕೆಯಲ್ಲೇ ಬಂತು. ಗುರುಗಳು ಊರಲ್ಲಿಲ್ಲದಾಗ ಅದು ಅಚ್ಚಾಯಿತು. ಓದಿದ ಗುರುಗಳಿಗೆ ಒಪ್ಪಿಗೆಯಾಗಲಿಲ್ಲ, ಸಂಬಂಧವೇ ಕೆಟ್ಟಿತು. ಇವತ್ತು ಆ ಲೇಖನದ ಮಾತನ್ನು ಎಲ್ಲರೂ ಒಪ್ಪುತ್ತಾರೆ.

ಅದಕ್ಕೂ ಎರಡು ಸಾವಿರ ವರ್ಷಕ್ಕಿಂತ ಹಿಂದೆ ಪಾಣಿನಿ ಇದೇ ತುಣುಕನ್ನು ಬೇರೆ ಕಡೆಯಿಂದ ಹಿಡಿದಿದ್ದ. ಅವನು ಇದನ್ನು ‘ನಞ್’ ಎಂದು ಕರೆದ. ಮೂಲದಲ್ಲಿ ‘ನ’ ಇದೆ ಎಂದಿಟ್ಟುಕೊಂಡ. ‘ನಲೋಪೋ ನಞಃ’ ಎಂಬ ಸೂತ್ರದಿಂದ ನ್‌ಕಾರ ಬಿದ್ದುಹೋಗಿ ‘ಅ’ ಉಳಿಯುತ್ತದೆ. ‘ತಸ್ಮಾನ್ನುಡಚಿ’ ಎಂಬ ಮುಂದಿನ ಸೂತ್ರದಿಂದ, ಸ್ವರ ಎದುರಾದರೆ ‘ನ್’ ಬಂದು ಸೇರುತ್ತದೆ. ನ+ಧರ್ಮ ‘ಅಧರ್ಮ’ ಆಗುತ್ತದೆ, ನ+ಉಚಿತ ‘ಅನುಚಿತ’ ಆಗುತ್ತದೆ. ಬ್ರುಗ್‌ಮನ್ ಇತಿಹಾಸ ಹುಡುಕಿದ, ಪಾಣಿನಿ ನಿಯಮ ಹುಡುಕಿದ. ‘ಅ’ದೊಳಗೆ ಒಂದು ‘ನ್’ ಅಡಗಿದೆ ಎಂಬುದು ಇಬ್ಬರಿಗೂ ಕಂಡಿತ್ತು. ‘ನ’ ಬೀಳದೆ ಉಳಿದ ಕೆಲವು ಪದಗಳನ್ನೂ ಪಾಣಿನಿ ಪಟ್ಟಿ ಮಾಡಿ ಕೊಟ್ಟಿದ್ದಾನೆ. ‘ನಪುಂಸಕ’ ಅವುಗಳಲ್ಲಿ ಒಂದು.

ಗ್ರೀಕರ ‘ಅ’ ನಮ್ಮ ಮನೆಗೂ ಬಂದಿದೆ, ಇಂಗ್ಲಿಷಿನ ಮೂಲಕ. ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳುವ ‘ಅನೀಮಿಯಾ’ದಲ್ಲಿ ‘ಅನ್’ ಇದೆ, ‘ಹೈಮ’ ಅಂದರೆ ರಕ್ತ. ಆಪರೇಷನ್ನಿಗೆ ಮುಂಚೆ ಕೊಡುವ ಅನಸ್ತೇಷಿಯಾ ಅಂದರೆ ಅರಿವಿಲ್ಲದಿರುವುದು. ಆಸ್ಬೆಸ್ಟಾಸ್ ಶೀಟಿನಲ್ಲಿರುವುದು ‘ಆರಿಸಲಾಗದ್ದು’ ಎಂಬ ಅರ್ಥದ ಗ್ರೀಕ್ ಪದ. ‘ಆಟಮ್’ ಅಂದರೆ ಕತ್ತರಿಸಲಾಗದ್ದು. ಅದನ್ನು ಒಡೆದದ್ದಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಅಮೆಥಿಸ್ಟ್ ಎಂಬ ನೇರಳೆ ಬಣ್ಣದ ಹರಳಿನ ಕತೆ ಇನ್ನೂ ಚೆಂದ. ‘ಮೆಥು’ ಅಂದರೆ ಗ್ರೀಕಿನಲ್ಲಿ ಮದ್ಯ, ನಮ್ಮ ‘ಮಧು’ವಿನ ಅಣ್ಣತಮ್ಮ. ಆ ಹರಳು ಹತ್ತಿರವಿದ್ದರೆ ಅಮಲೇರುವುದಿಲ್ಲ ಎಂದು ಗ್ರೀಕರು ನಂಬಿದ್ದರು. ‘ಅಮಲೇರಿಸದ’ ಕಲ್ಲು ಎಂದೇ ಹೆಸರಿಟ್ಟರು. ವಜ್ರಕ್ಕೆ ಅವರು ‘ಅದಮಾಸ್’ ಎಂದರು. ಪಳಗಿಸಲಾಗದ್ದು ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಿದ್ದರು. ನಮ್ಮ ‘ಅದಮ್ಯ’ದ ಪಕ್ಕ ಇಟ್ಟು ನೋಡಿ. ಆ ಪದ ಲ್ಯಾಟಿನ್, ಫ್ರೆಂಚ್ ದಾಟಿ ಬರುವಾಗ ಮುಂದಿನ ‘ಅ’ ಕಳಚಿಹೋಗಿ ‘ಡೈಮಂಡ್’ ಆಯಿತು.

ಕಳಚಿಹೋದ ‘ಅ’ ಎಂದಾಗ ಇರಾನಿನ ‘ಮೊರ್ದಾದ್’ ಎಂಬ ತಿಂಗಳು ನೆನಪಾಗುತ್ತದೆ. ಅವರ ಪಂಚಾಂಗದ ಐದನೇ ತಿಂಗಳು, ನಮ್ಮ ಜುಲೈ ಕೊನೆಯಿಂದ ಆಗಸ್ಟ್‌ ಮೂರನೇ ವಾರದವರೆಗೆ ಬರುತ್ತದೆ. ಜರತುಷ್ಟ್ರ ಧರ್ಮದ ಹಳೆಯ ಗ್ರಂಥ ಅವೆಸ್ತಾದ ‘ಅಮೆರೆತಾತ್’, ಅಂದರೆ ಸಾವಿಲ್ಲದಿರುವಿಕೆ, ಅದರಿಂದ ಈ ಹೆಸರು. ನಮ್ಮ ‘ಅಮೃತತ್ವ’ಕ್ಕೆ ತೀರ ಹತ್ತಿರದ ಪದ. ಮುಂದೆ ಅದು ‘ಅಮೊರ್ದಾದ್’ ಆಯಿತು. ಬಳಕೆಯಲ್ಲಿ ‘ಅ’ ಸವೆದು ‘ಮೊರ್ದಾದ್’ ಆಯಿತು. ಬಿಡಿಸಿ ನೋಡಿದರೆ ಅರ್ಥ ತಲೆಕೆಳಗಾಗಿ ಸಾವಿನ ಕಡೆ ತಿರುಗಿತು! ಅದಕ್ಕೇ ಜರತುಷ್ಟ್ರ ಧರ್ಮದವರು ಇವತ್ತಿಗೂ ಆ ‘ಅ’ವನ್ನು ಬಿಡದೆ ‘ಅಮೊರ್ದಾದ್’ ಎಂದೇ ಹೇಳುತ್ತಾರೆ. ಒಂದು ಅಕ್ಷರವನ್ನು ಕಾಪಾಡಿಕೊಳ್ಳುವ ಅವರ ಆ ಕಾಳಜಿ ನನಗೆ ಬಹಳ ಹಿಡಿಸುತ್ತದೆ.

ಇನ್ನು ಮಕ್ಕಳು ಎಡವುವ ಜಾಗಕ್ಕೆ ಬರೋಣ. ‘ಅನ’ ಎಂದು ಶುರುವಾಗುವ ಪದಗಳನ್ನು ಬಿಡಿಸುವುದು. ‘ಅನಾದಿ’ಯಲ್ಲಿ ಅನ್+ಆದಿ. ‘ಅನಾಥ’ದಲ್ಲಿ ಅ+ನಾಥ. ನೋಡಲು ಅವಳಿ ಪದಗಳ ಹಾಗಿವೆ, ಒಳಗೆ ಹೊಲಿಗೆ ಬೇರೆ ಬೇರೆ ಜಾಗದಲ್ಲಿದೆ. ‘ಅನೇಕ’ ಅಂದರೆ ಅನ್+ಏಕ, ಒಂದಲ್ಲದ್ದು. ‘ಅನು’ ಎಂದು ಶುರುವಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ‘ಅನುಚಿತ’, ‘ಅನುಪಮ’, ‘ಅನುತ್ತೀರ್ಣ’ ಇವುಗಳಲ್ಲಿ ಇರುವುದು ‘ಅನ್’. ‘ಅನುಭವ’, ‘ಅನುಕೂಲ’, ‘ಅನುದಾನ’ ಇವುಗಳಲ್ಲಿ ಇರುವುದು ‘ಅನು’ ಎಂಬ ಬೇರೆಯೇ ಉಪಸರ್ಗ. ಅದಕ್ಕೆ ಹಿಂದೆ, ಜೊತೆಗೆ, ತಕ್ಕಂತೆ ಎಂಬ ಅರ್ಥಗಳು. ನಾನು ಪಾಠ ಮಾಡುವಾಗ ಒಂದೇ ಉಪಾಯ ಹೇಳಿಕೊಡುತ್ತಿದ್ದೆ: ಮುಂದಿನದ್ದನ್ನು ತೆಗೆದ ಮೇಲೆ ಉಳಿದದ್ದು ಒಂದು ಪದವಾಗಿ ನಿಲ್ಲುತ್ತದೆಯೇ ನೋಡಿ. ‘ಉಚಿತ’ ನಿಲ್ಲುತ್ತದೆ. ‘ಉಭವ’ ನಿಲ್ಲುವುದಿಲ್ಲ.

ಈ ಹೊಲಿಗೆಯ ಮಾತಿಗೆ ಒಂದು ಜೋಡಿ ಹೇಳಲೇಬೇಕು. ಸಂಸ್ಕೃತದ ‘ಅನಾಮಿಕ’, ಗ್ರೀಕಿನಿಂದ ಇಂಗ್ಲಿಷಿಗೆ ಬಂದ ‘ಅನಾನಿಮಸ್’. ಎರಡಕ್ಕೂ ಹೆಸರಿಲ್ಲದ ಎಂದೇ ಅರ್ಥ. ‘ನಾಮ’ ಮತ್ತು ಗ್ರೀಕಿನ ‘ಒನೊಮ’ ಒಂದೇ ಮೂಲದವು. ಆದರೂ ಎರಡು ಪದಗಳ ಆರಂಭದ ‘ನ’ ಒಂದೇ ಅಲ್ಲ! ‘ಅನಾಮಿಕ’ದಲ್ಲಿ ಅ+ನಾಮ, ಆ ‘ನ’ ಹೆಸರಿನದು. ಗ್ರೀಕಿನಲ್ಲಿ ‘ಒನೊಮ’ ಸ್ವರದಿಂದ ಶುರುವಾಗುತ್ತದೆ, ಆದ್ದರಿಂದ ಅಲ್ಲಿ ಅನ್+ಒನೊಮ, ಆ ‘ನ’ ನಿಷೇಧದ್ದು.

‘ಅನಾಮಿಕಾ’ ಎಂಬುದು ಉಂಗುರದ ಬೆರಳಿನ ಹೆಸರೂ ಹೌದು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಕಿರುಬೆರಳು ಎಲ್ಲಕ್ಕೂ ಹೆಸರಿದೆ, ಇದೊಂದಕ್ಕೆ ಇಲ್ಲ. ಸಂಸ್ಕೃತದಲ್ಲಿ ಒಂದು ಹಳೆಯ ಸುಭಾಷಿತವಿದೆ. ಕವಿಗಳನ್ನು ಎಣಿಸಲು ಹೊರಟು ಕಿರುಬೆರಳಿಗೆ ಕಾಳಿದಾಸನ ಹೆಸರು ಹೇಳಿದರಂತೆ. ಅವನಿಗೆ ಸಮಾನನಾದ ಇನ್ನೊಬ್ಬ ಸಿಗಲಿಲ್ಲ, ಹಾಗಾಗಿ ಮುಂದಿನ ಬೆರಳಿಗೆ ‘ಅನಾಮಿಕಾ’ ಎಂಬ ಹೆಸರು ಸಾರ್ಥಕವಾಯಿತು ಎನ್ನುತ್ತದೆ ಆ ಶ್ಲೋಕ. ಇದು ನಮ್ಮಲ್ಲಿ ಮಾತ್ರ ಅಲ್ಲ. ರಷ್ಯನ್ನರೂ ಚೀನೀಯರೂ ಆ ಬೆರಳನ್ನು ಹೆಸರಿಲ್ಲದ ಬೆರಳು ಎಂದೇ ಕರೆಯುತ್ತಾರೆ. ಫಿನ್‌ಲೆಂಡಿನವರು ‘ನಿಮೆತೋನ್’ ಎನ್ನುತ್ತಾರೆ. ಇದರಲ್ಲಿ ‘ನಿಮಿ’ ಹೆಸರು, ‘ತೋನ್’ ಇಲ್ಲದ. ಇಲ್ಲಿ ನಿಷೇಧ ಪದದ ಬಾಲದಲ್ಲಿದೆ ನೋಡಿ. ಇದನ್ನು ನೆನಪಿಟ್ಟುಕೊಳ್ಳಿ, ಕನ್ನಡಕ್ಕೆ ಬಂದಾಗ ಬೇಕಾಗುತ್ತದೆ.

‘ಅಮೂಲ್ಯ’ದ ಪ್ರಶ್ನೆಗೆ ಈಗ ಉತ್ತರಿಸಬಹುದು. ‘ಅ’ ಅಂದರೆ ‘ಇಲ್ಲ’ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಅದು ಅರ್ಧ ಸತ್ಯ. ಹಳೆಯ ವೈಯಾಕರಣರು ನಞ್‌ಗೆ ಆರು ಅರ್ಥ ಎಣಿಸಿದ್ದಾರೆ: ಅದರಂತೆ ಇರುವುದು, ಇಲ್ಲದಿರುವುದು, ಅದಲ್ಲದ ಬೇರೆಯದು, ಕಡಿಮೆ ಇರುವುದು, ಚೆನ್ನಾಗಿಲ್ಲದ್ದು, ವಿರುದ್ಧವಾದದ್ದು. ‘ಅಧರ್ಮ’ ಅಂದರೆ ಧರ್ಮ ಗೈರುಹಾಜರಾಗಿರುವುದಲ್ಲ, ಅದಕ್ಕೆ ಎದುರು ನಿಂತದ್ದು. ‘ಅಕಾಲ’ ಅಂದರೆ ಕಾಲವೇ ಇಲ್ಲದ್ದಲ್ಲ, ಕೆಟ್ಟ ಹೊತ್ತು. ಬೆಳೆ ಕೊಯ್ಲಿಗೆ ಬಂದಾಗ ಸುರಿಯುವ ಅಕಾಲಿಕ ಮಳೆ ಎಂಥದ್ದು ಅಂತ ರೈತರಿಗೆ ಗೊತ್ತು. ‘ಅನುದರಾ ಕನ್ಯಾ’ ಎಂದು ಒಂದು ಉದಾಹರಣೆ ಕೊಡುತ್ತಾರೆ. ಪದಕ್ಕೆ ಪದ ಇಟ್ಟರೆ ‘ಹೊಟ್ಟೆಯಿಲ್ಲದ ಹುಡುಗಿ’, ಹೇಳುವುದು ಸಣ್ಣ ನಡುವಿನವಳು ಎಂದು. ‘ಅದರಂತೆ ಇರುವುದು’ ಎಂಬುದಕ್ಕೆ, ಪಾಣಿನಿಯ ವ್ಯಾಕರಣದ ಮೇಲೆ ಪತಂಜಲಿ ಬರೆದ ಮಹಾಭಾಷ್ಯದ ಒಂದು ಮಾತನ್ನು ಎಲ್ಲರೂ ಎತ್ತುತ್ತಾರೆ. ‘ಅಬ್ರಾಹ್ಮಣನನ್ನು ಕರೆದು ತಾ’ ಎಂದರೆ ಬ್ರಾಹ್ಮಣನಲ್ಲದ ಒಬ್ಬ ಮನುಷ್ಯನನ್ನು ಕರೆತರುತ್ತಾರೆ, ಮಣ್ಣಿನ ಹೆಂಟೆ ತಂದಿಟ್ಟರೆ ಕೆಲಸ ಮುಗಿಯುವುದಿಲ್ಲ. ಹೆಂಟೆಯೂ ಬ್ರಾಹ್ಮಣನಲ್ಲ, ನಿಜ. ಆದರೆ ‘ಅ’ ಹಚ್ಚಿದಾಗ ನಮ್ಮ ಮನಸ್ಸು ಅದೇ ಜಾತಿಯ ವಸ್ತುಗಳ ಒಳಗೇ ಹುಡುಕುತ್ತದೆ. ಪದಗಳ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಎರಡು ಸಾವಿರ ವರ್ಷ ಹಿಂದೆ ಇದ್ದರು ಎಂಬುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ವಿಷಯ.

ಇದೇ ದಾರಿಯಲ್ಲಿ ‘ಅಮಿತ್ರ’. ಸ್ನೇಹಿತನಲ್ಲದವರು ಲೋಕದಲ್ಲಿ ಕೋಟಿಗಟ್ಟಲೆ ಇದ್ದಾರೆ, ಅವರೆಲ್ಲ ಅಮಿತ್ರರಲ್ಲ. ಅಮಿತ್ರ ಅಂದರೆ ಶತ್ರು. ಲ್ಯಾಟಿನ್ನಿನವರೂ ಹೀಗೇ ಮಾಡಿದರು. ‘ಅಮಿಕುಸ್’ ಅಂದರೆ ಸ್ನೇಹಿತ, ಮುಂದೆ ‘ಇನ್’ ಹಚ್ಚಿ ‘ಇನಿಮಿಕುಸ್’. ಅದೇ ಸವೆದು ಇಂಗ್ಲಿಷಿನ ‘ಎನಿಮಿ’ ಆಗಿದೆ.

ಹಾಗೆಯೇ ‘ಅಮೂಲ್ಯ’ ಅಂದರೆ ಬೆಲೆ ಕಟ್ಟಲಾಗದ್ದು, ಇಷ್ಟು ಎಂದು ಹೇಳಲಾಗದಷ್ಟು ಬೆಲೆಯದ್ದು. ‘ಅಪಾರ’ ಅಂದರೆ ಆಚೆ ದಡ ಕಾಣದ್ದು, ಅದೇ ಜಾಡು. ಇಂಗ್ಲಿಷಿನಲ್ಲೂ ‘ಪ್ರೈಸ್‌ಲೆಸ್’ ಅಂದರೆ ಬಹಳ ಬೆಲೆಯದ್ದು, ‘ವರ್ತ್‌ಲೆಸ್’ ಅಂದರೆ ಕೆಲಸಕ್ಕೆ ಬಾರದ್ದು. ಕನ್ನಡದಲ್ಲಿ ಇದು ಇನ್ನೂ ಸ್ಪಷ್ಟ. ‘ಬೆಲೆಯಿಲ್ಲದ ಮಾತು’ ಎಂದರೆ ಒಂದರ್ಥ, ‘ಬೆಲೆ ಕಟ್ಟಲಾಗದ ಮಾತು’ ಎಂದರೆ ಅದರ ವಿರುದ್ಧ. ಸಂಸ್ಕೃತ ಒಂದೇ ‘ಅ’ದಲ್ಲಿ ಹೇಳಿ ಅರ್ಥವನ್ನು ಬಳಕೆಗೆ ಬಿಟ್ಟಿತು. ಕನ್ನಡ ಬಾಯಿಬಿಟ್ಟು ಹೇಳುತ್ತದೆ.

ಮುಂದಿನ ‘ಅ’ ಎಲ್ಲವೂ ನಿಷೇಧವಲ್ಲ ಎಂಬುದನ್ನೂ ಮಗಳಿಗೆ ಹೇಳಿ. ದೊಡ್ಡ ಉದಾಹರಣೆ ‘ಅಸುರ’. ಸುರನಲ್ಲದವನು ಅಸುರ ಎಂದು ನಾವೆಲ್ಲ ಕಲಿತಿದ್ದೇವೆ. ಆದರೆ ಋಗ್ವೇದದಲ್ಲಿ ವರುಣನನ್ನೇ ಅಸುರ ಎಂದು ಹೊಗಳಿದ್ದಾರೆ, ಒಡೆಯ ಎಂಬಂಥ ಅರ್ಥದಲ್ಲಿ. ಇರಾನಿನ ‘ಅಹುರ ಮಜ್ದಾ’ದ ಅಹುರ ಇದೇ ಪದ. ಅಲ್ಲಿ ಅವನು ಪರಮ ದೇವರು. ನಮ್ಮಲ್ಲಿ ಕಾಲಕ್ರಮೇಣ ‘ಅಸುರ’ಕ್ಕೆ ಕೆಟ್ಟ ಅರ್ಥ ಬಂತು. ಆಮೇಲೆ ಜನ ಅದನ್ನು ಅ+ಸುರ ಎಂದು ಬಿಡಿಸಿದರು. ಹಾಗಾದರೆ ‘ಸುರ’ ಅಂದರೆ ದೇವತೆ ಇರಬೇಕು ಎಂದುಕೊಂಡರು. ಹೀಗೆ ‘ಸುರ’ ಹುಟ್ಟಿತು. ಮಗಳು ‘ಸುರ’ಕ್ಕೆ ವಿರುದ್ಧ ಪದ ‘ಅಸುರ’ ಎಂದು ಬರೆಯಲಿ, ಅದು ಸರಿಯೇ. ಆದರೆ ಇಲ್ಲಿ ವಿರುದ್ಧ ಪದವೇ ಮೊದಲು ಹುಟ್ಟಿದ್ದು. ‘ವಿಧವಾ’ ಎಂಬುದಕ್ಕೂ ಹೀಗೇ ಆಯಿತು. ಇಂಗ್ಲಿಷಿನ ‘ವಿಡೋ’, ಲ್ಯಾಟಿನ್ನಿನ ‘ವಿದುವಾ’ ಇದರ ಬಂಧುಗಳು, ಅವುಗಳಲ್ಲಿ ಉಪಸರ್ಗವೇ ಇಲ್ಲ. ನಮ್ಮವರು ವಿ+ಧವ ಎಂದು ಬಿಡಿಸಿ, ಗಂಡ ಎಂಬ ಅರ್ಥದ ‘ಧವ’ ಎಂಬ ಪದವನ್ನೇ ಪಡೆದುಕೊಂಡರು.

ಇಂಗ್ಲಿಷಿನಲ್ಲೂ ಇಂಥ ಬಲೆಗಳಿವೆ. ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ‘ಇನ್’ ಅಂದರೆ ‘ಇಲ್ಲ’ ಅಂದುಕೊಂಡರೆ ‘ಬೆಂಕಿ ಹತ್ತುವುದೇ ಇಲ್ಲ’ ಎಂದಾಗಿಬಿಡುತ್ತದೆ! ಅಲ್ಲಿರುವುದು ‘ಒಳಗೆ’ ಎಂಬ ಅರ್ಥದ ಬೇರೆ ‘ಇನ್’. ಈ ಗೊಂದಲ ಅಪಾಯಕಾರಿ ಎಂದು ಈಗ ‘ಫ್ಲೇಮಬಲ್’ ಎಂದೇ ಬರೆಯುವುದು ಹೆಚ್ಚಾಗಿದೆ. ‘ಅನ್’ನಲ್ಲೂ ಎರಡಿವೆ. ‘ಅನ್‌ಫಿಟ್’ನದು ನಮ್ಮ ತುಣುಕಿನ ಬಂಧು. ನಾವು ಮೊಬೈಲ್ ‘ಅನ್‌ಲಾಕ್’ ಮಾಡುತ್ತೇವಲ್ಲ, ಅದು ಬೇರೆ. ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವುದು ಎಂಬ ಅರ್ಥ ಅದಕ್ಕೆ. ‘ಎದುರು’ ಎಂಬ ಅರ್ಥದ ಗ್ರೀಕಿನ ‘ಆಂಟಿ’ ಕಡೆಯ ನೆಂಟ ಅದು.

ಕನ್ನಡಕ್ಕೆ ಇನ್ನೊಂದು ಬಾಗಿಲಿನಿಂದಲೂ ನಿಷೇಧದ ತುಣುಕುಗಳು ಬಂದವು. ದರಬಾರು, ಕಚೇರಿ, ಕಂದಾಯ, ಕೋರ್ಟಿನ ಭಾಷೆಯ ಜೊತೆ ಪಾರಸಿ, ಅರಬ್ಬಿ ಪದಗಳು ಬಂದಾಗ. ‘ಬೇ’ ಅಂದರೆ ಪಾರಸಿಯಲ್ಲಿ ‘ಇಲ್ಲದೆ’. ಬೇಜವಾಬ್ದಾರಿ, ಬೇಕಾರು, ಬೇನಾಮಿ. ಬೇನಾಮಿ ಅಂದರೆ ಮತ್ತೆ ಹೆಸರಿಲ್ಲದ್ದೇ! ಅನಾಮಿಕ, ಅನಾನಿಮಸ್, ಬೇನಾಮಿ, ಹೆಸರಿಲ್ಲದ: ಒಂದೇ ಅರ್ಥದಲ್ಲಿ ಶುರುವಾದ ನಾಲ್ಕು ಪದಗಳು ಇವತ್ತು ಕನ್ನಡಿಗರ ಬಾಯಲ್ಲಿ ನಾಲ್ಕು ಬೇರೆ ಕೆಲಸ ಮಾಡುತ್ತಿವೆ. ಪತ್ರ ಬರೆದವನು ಅನಾಮಿಕ, ಸೈಟು ಬೇನಾಮಿ. ‘ಬೇವಾರ್ಸಿ’ ಎಂಬ ಬೈಗುಳ ನೀವು ಕೇಳಿರುತ್ತೀರಿ. ‘ವಾರಿಸ್’ ಅಂದರೆ ವಾರಸುದಾರ. ವಾರಸುದಾರರಿಲ್ಲದ ಆಸ್ತಿಗೆ ಹೇಳುತ್ತಿದ್ದ ಮಾತು ಹೇಳುವವರು ಕೇಳುವವರು ಇಲ್ಲದ ಮನುಷ್ಯನಿಗೆ ಅಂಟಿತು, ಆಮೇಲೆ ಬೈಗುಳವಾಯಿತು. ‘ಲಾಚಾರು’ವಿನ ‘ಲಾ’, ‘ಗೈರುಹಾಜರು’ವಿನ ‘ಗೈರು’ ಅರಬ್ಬಿಯವು. ಅರಬ್ಬಿ ಬೇರೆಯೇ ಕುಟುಂಬ, ನಮ್ಮ ‘ಅ’ಕ್ಕೆ ಅವು ಬಂಧುಗಳಲ್ಲ. ‘ನಾಲಾಯಕ್ಕು’, ‘ನಾಪತ್ತೆ’ಗಳ ‘ನಾ’ ಮಾತ್ರ ಪಾರಸಿ, ಹಾಗಾಗಿ ಸಂಸ್ಕೃತದ ‘ನ’, ಇಂಗ್ಲಿಷಿನ ‘ನೋ’ ಜೊತೆ ರಕ್ತಸಂಬಂಧ ಇರುವಂಥದ್ದು.

ಸಂಸ್ಕೃತದಿಂದ ಬಂದು ವೇಷ ಮರೆಸಿಕೊಂಡ ಒಂದು ‘ಅ’ವನ್ನೂ ಹೇಳಿಬಿಡುತ್ತೇನೆ. ‘ಅಸಡ್ಡೆ ಮಾಡಬೇಡ’ ಎನ್ನುತ್ತೇವಲ್ಲ, ಆ ಅಸಡ್ಡೆ ‘ಅಶ್ರದ್ಧೆ’ಯ ತದ್ಭವ. ಅಚ್ಚ ಕನ್ನಡದ ಹಾಗೆ ಕೇಳಿಸುತ್ತದೆ, ಆದರೆ ಒಳಗೆ ನಞ್ ಕೂತಿದೆ. ‘ಶ್ರದ್ಧಾ’ಕ್ಕೆ ಲ್ಯಾಟಿನ್ನಿನಲ್ಲಿ ಬಂಧು ‘ಕ್ರೇದೋ’, ನಂಬುತ್ತೇನೆ ಎಂದರ್ಥ. ನಿಮ್ಮ ಕ್ರೆಡಿಟ್ ಕಾರ್ಡಿನ ‘ಕ್ರೆಡಿಟ್’ ಅಲ್ಲಿಂದ ಬಂದದ್ದು.

ಈಗ ‘ಅಬಿಸಿ’. ಇಲ್ಲಿಯವರೆಗೆ ನೋಡಿದ ‘ಅ’, ‘ಅನ್’, ‘ಬೇ’, ‘ನಾ’ ಎಲ್ಲವೂ ಪದದ ತಲೆಯ ಮೇಲೆ ಕೂರುತ್ತವೆ. ಕನ್ನಡದ ಸ್ವಭಾವ ಹಾಗಲ್ಲ. ಕನ್ನಡ, ತಮಿಳು, ತೆಲುಗು, ಮಲಯಾಳ ಈ ದ್ರಾವಿಡ ಭಾಷೆಗಳು ಏನನ್ನೇ ಸೇರಿಸಿದರೂ ಬಾಲಕ್ಕೆ ಸೇರಿಸುತ್ತವೆ. ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ. ‘ಇಲ್ಲ’ ಎನ್ನುವುದೂ ಹಾಗೇ. ಸಾಯದ, ಮುಗಿಯದ, ಕೊನೆಯಿಲ್ಲದ, ಎಣೆಯಿಲ್ಲದ, ಕೈಗೆಟುಕದ. ಬಿಸಿ ನಮ್ಮ ಪದ. ಅದರ ತಲೆಯ ಮೇಲೆ ಸಂಸ್ಕೃತದ ‘ಅ’ ಕೂರಿಸಲು ನಮ್ಮ ಕಿವಿ ಒಪ್ಪುವುದಿಲ್ಲ. ‘ಅಹುಳಿ’, ‘ಅನೂಟ’ ಎಂದು ಹೇಳಿ ನೋಡಿ. ಚಿಕ್ಕ ಮಗುವೂ ನಗುತ್ತದೆ.

ನಮ್ಮ ಕ್ರಿಯಾಪದಗಳಲ್ಲಿ ಇದಕ್ಕಿಂತ ವಿಶೇಷವಾದ ಒಂದು ರೀತಿ ಇದೆ. ‘ಕೊಡುವನು’ ಎಂದರೆ ಕೊಡುತ್ತಾನೆ. ನಡುವಿನ ‘ವ’ ತೆಗೆದು ‘ಕೊಡನು’ ಎಂದರೆ ಕೊಡುವುದಿಲ್ಲ! ‘ಇಲ್ಲ’ ಎನ್ನಲು ಏನನ್ನೂ ಸೇರಿಸಲಿಲ್ಲ, ಕಾಲ ತೋರಿಸುವ ತುಣುಕನ್ನು ಕಿತ್ತೆವು ಅಷ್ಟೇ. ಬರುವೆನು–ಬಾರೆನು, ನೋಡುವೆನು–ನೋಡೆನು ಕೂಡ ಹೀಗೇ. ದ್ರಾವಿಡ ಭಾಷೆಗಳ ಈ ಗುಣವನ್ನು 1856ರಲ್ಲಿ ಬಂದ ತನ್ನ ತೌಲನಿಕ ವ್ಯಾಕರಣದಲ್ಲಿ ರಾಬರ್ಟ್ ಕಾಲ್ಡ್‌ವೆಲ್ ವಿವರಿಸಿದ್ದಾನೆ. ಇವತ್ತಿನ ಮಾತಿನಲ್ಲಿ ಈ ರೂಪಗಳು ಕಡಿಮೆಯಾಗಿವೆ, ಪೂರ್ತಿ ಹೋಗಿಲ್ಲ. ‘ನಾ ಒಲ್ಲೆ’, ‘ಹಾಗೆ ಮಾಡಬಾರದು’, ‘ಅದು ಆಗದು’ ಎನ್ನುತ್ತೇವಲ್ಲ. ಪೇಪರಿನಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಜಾಹೀರಾತು ಬರುತ್ತದೆ. ಕಾಣೆ ಅಂದರೆ ಕಾಣುವುದಿಲ್ಲ. ಪಕ್ಕದ ಸುದ್ದಿಯಲ್ಲಿ ‘ನಾಪತ್ತೆ’ ಎಂದಿರುತ್ತದೆ. ಒಂದೇ ಪುಟದಲ್ಲಿ ಪಾರಸಿಯ ರೀತಿ, ಕನ್ನಡದ ರೀತಿ ಎರಡನ್ನೂ ನೋಡಬಹುದು.

ಜಪಾನೀ ಭಾಷೆಯಲ್ಲೂ ನಮ್ಮಂಥದೇ ಸ್ಥಿತಿ. ಅವರ ಸ್ವಂತ ನಿಷೇಧ ಕ್ರಿಯಾಪದದ ಕೊನೆಗೆ ಬರುತ್ತದೆ. ಚೀನೀ ಭಾಷೆಯಿಂದ ತಂದ ಪದಗಳಲ್ಲಿ ಮಾತ್ರ ‘ಫು’, ‘ಮು’ ಎಂಬ ತುಣುಕುಗಳು ಮುಂದೆ ಕೂರುತ್ತವೆ. ‘ಫುಕನೋ’ ಅಂದರೆ ಅಸಾಧ್ಯ, ಅದು ಎರವಲಿನದು. ‘ದೆಕಿನೈ’ 

ಅಂದರೆ ಆಗುವುದಿಲ್ಲ, ಅದು ಮನೆಯದು.

‘ಅಲ್ಲ’ ಮತ್ತು ‘ಇಲ್ಲ’ ದ್ರಾವಿಡದ ‘ಅಲ್’, ‘ಇಲ್’ ಎಂಬ ಎರಡು ಬೇರೆ ಧಾತುಗಳಿಂದ ಬಂದವು. ತಮಿಳಿನಲ್ಲಿ ಅಲ್ಲ, ಇಲ್ಲೈ, ಮಲಯಾಳದಲ್ಲಿ ಅಲ್ಲ, ಇಲ್ಲ. ಅಲ್ಲಿ ‘ಅ’ ಒಂದೇ ಬಿಡಿಸಿ ತೆಗೆಯುವ ತುಣುಕಲ್ಲ, ಪೂರ್ತಿ ‘ಅಲ್’ ಎಂಬುದೇ ಧಾತು. ಸಂಸ್ಕೃತದ ‘ಅ’ ಜೊತೆ ಸದ್ದು ಕೂಡಿದ್ದು ಆಕಸ್ಮಿಕ. ಇವೆರಡರ ಕೆಲಸ ಬೇರೆ ಬೇರೆ ಎಂಬುದು ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ‘ಅವರು ಡಾಕ್ಟರಲ್ಲ’ ಎಂದರೆ ಬೇರೆ ಏನೋ ಕೆಲಸದವರು. ‘ಡಾಕ್ಟರಿಲ್ಲ’ ಎಂದರೆ ನಾಳೆ ಬನ್ನಿ. ವೈಯಾಕರಣರು ನಞ್‌ನ ಒಳಗೆ ಎಣಿಸಿ ತೆಗೆದರಲ್ಲ, ಇಲ್ಲದಿರುವುದು ಮತ್ತು ಬೇರೆಯದು ಎಂಬ ಎರಡು ಅರ್ಥ, ಅವುಗಳಿಗೆ ಕನ್ನಡದಲ್ಲಿ ಎರಡು ಪದವೇ ಇವೆ. ಇಂಗ್ಲಿಷಿನಲ್ಲಿ ಎರಡು ಕಡೆಯೂ ‘ನಾಟ್’ ಎಂದೇ ಹೇಳಬೇಕಾಗುತ್ತದೆ. ನಮ್ಮಲ್ಲಿ ಇವೆರಡೇ ಅಲ್ಲ, ಬೇಡ, ಒಲ್ಲೆ, ಆರೆ, ಕೂಡದು, ಬಾರದು ಎಲ್ಲವೂ ಇವೆ. ಬೇಡ ಎನ್ನುವವನಿಗೆ ಅದು ಬೇಕಿಲ್ಲ, ಮಾಡಲಾರೆ ಎನ್ನುವವನಿಗೆ ಶಕ್ತಿ ಇಲ್ಲ, ಒಲ್ಲೆ ಎನ್ನುವವನಿಗೆ ಮನಸ್ಸಿಲ್ಲ.

ಆದ್ದರಿಂದ ಮಗಳಿಗೆ ಹೀಗೆ ಹೇಳಿ. ‘ಅ’ ಹಚ್ಚುವ ಮುಂಚೆ ಪದ ಯಾವ ಮನೆಯದು ಅಂತ ನೋಡು. ನ್ಯಾಯ, ಉಚಿತ, ಶಾಂತಿ, ಸಾಧ್ಯ ಇವು ಸಂಸ್ಕೃತದವು, ಹಚ್ಚಬಹುದು. ಬಿಸಿ, ಹುಳಿ, ಮೇಲೆ, ಹಗಲು ಇವು ನಮ್ಮವು. ಇವಕ್ಕೆ ವಿರುದ್ಧ ಪದ ಬೇಕಾದರೆ ಬೇರೆ ಪದವನ್ನೇ ಹುಡುಕಬೇಕು, ಇಲ್ಲವೇ ಹಿಂದೆ ‘ಇಲ್ಲದ’, ‘ಅಲ್ಲದ’ ಸೇರಿಸಬೇಕು. ಬಿಸಿಗೆ ನಮ್ಮಲ್ಲಿ ಒಂದಲ್ಲ, ಹಲವು ಪದಗಳಿವೆ. ನೀರಾದರೆ ತಣ್ಣೀರು, ಗಾಳಿಯಾದರೆ ತಂಗಾಳಿ, ಒಲೆಯಿಂದ ಇಳಿಸಿ ಹೊತ್ತಾದ ಕಾಫಿ ಆರಿದ ಕಾಫಿ, ರಾತ್ರಿ ಉಳಿದು ಬೆಳಗ್ಗೆ ಸಿಕ್ಕ ಅನ್ನ ತಂಗಳನ್ನ. ಪರೀಕ್ಷೆಯಲ್ಲಿ ‘ತಂಪು’ ಎಂದು ಬರೆದರೆ ಮೇಷ್ಟ್ರು ಖಂಡಿತ ಮಾರ್ಕು ಕೊಡುತ್ತಾರೆ.